ವಿಕ್ರಮ್ ಸಾರಾಭಾಯ್

ವಿಕ್ರಮ್ ಅಂಬಾಲಾಲ್ ಸಾರಾಭಾಯ್ (12 ಆಗಸ್ಟ್ 1919 – 30 ಡಿಸೆಂಬರ್ 1971) ಭಾರತದ ಭೌತವಿಜ್ಞಾನಿ, ಸಂಸ್ಥಾಪಕ ಹಾಗೂ ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಜನಕ. ವಿಶ್ವಕಿರಣಗಳ ಅಧ್ಯಯನದಿಂದ ವೈಜ್ಞಾನಿಕ ಜೀವನವನ್ನು ಆರಂಭಿಸಿದ ಅವರು, ಸಮಭಾಜಕ ವೃತ್ತದ ಮೇಲಿನ ಉನ್ನತ ವಾಯುಮಂಡಲ ಮತ್ತು ಅಯಾನುಗೋಳಗಳ ಸಂಶೋಧನೆಗೆ ಭಾರತದಲ್ಲಿ ಭದ್ರವಾದ ನೆಲೆಯನ್ನು ಒದಗಿಸಿದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಕೇರಳದ ತುಂಬಾ ರಾಕೆಟ್ ಉಡಾವಣಾ ಕೇಂದ್ರ ಈ ಕೆಲಸದ ಎರಡು ಮುಖ್ಯ ತಾಣಗಳು. ಅವರ ಸಂಶೋಧನೆಯ ಮೊದಲ ಹೆಜ್ಜೆಗಳು ಮಾತ್ರ ಮೂಡಿದ್ದು ಬೆಂಗಳೂರಿನಲ್ಲಿ.

ಜನನ ಮತ್ತು ಬಾಲ್ಯ

ಸಾರಾಭಾಯ್ ಅವರು ಅಹಮದಾಬಾದಿನ ಶ್ರೀಮಂತ ಜೈನ ಮನೆತನದಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯ್ ಕ್ಯಾಲಿಕೋ ಬಟ್ಟೆ ಗಿರಣಿಯ ಒಡೆಯರು, ತಾಯಿ ಸರಳಾದೇವಿ. ಎಂಟು ಮಕ್ಕಳಿದ್ದ ಆ ಮನೆಯಲ್ಲಿ ಮಾಂಟೆಸರಿ ಪದ್ಧತಿಯ ಖಾಸಗಿ ಶಾಲೆಯೊಂದನ್ನು ಮನೆಯವರೇ ನಡೆಸುತ್ತಿದ್ದರು. ಗಾಂಧೀಜಿ, ರವೀಂದ್ರನಾಥ ಠಾಕೂರರಂತಹವರು ಅಲ್ಲಿಗೆ ಬಂದುಹೋಗುತ್ತಿದ್ದರು. ಗಿರಣಿ ಮಾಲೀಕರ ಈ ಮನೆತನದಲ್ಲಿಯೇ ಗಿರಣಿ ಕಾರ್ಮಿಕರ ಪರವಾಗಿ ನಿಂತವರೂ ಇದ್ದರೆಂಬುದು ಗಮನಾರ್ಹ. ಅಂಬಾಲಾಲರ ಸಹೋದರಿ ಅನಸೂಯಾ ಸಾರಾಭಾಯ್ 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ ಕಾರ್ಮಿಕರ ಜೊತೆಗಿದ್ದರು. ವಿಕ್ರಮ್ ಅವರ ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಗುಜರಾತ್ ಕಾಲೇಜಿನಲ್ಲಿ ಓದಿದ ಬಳಿಕ ವಿಕ್ರಮ್ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ನಿಸರ್ಗ ವಿಜ್ಞಾನದಲ್ಲಿ ಪದವಿ ಪಡೆಯುವ ಹೊತ್ತಿಗೆ ಎರಡನೆಯ ಮಹಾಯುದ್ಧ ಆರಂಭವಾಗಿತ್ತು. ಕೇಂಬ್ರಿಜಿನಲ್ಲಿ ಮುಂದುವರಿಯಬೇಕಿದ್ದ ಸಂಶೋಧನೆಯನ್ನು ಅವರು ಭಾರತದಲ್ಲಿಯೇ ಕೈಗೊಳ್ಳಬೇಕಾಯಿತು.

ಬೆಂಗಳೂರಿನ ವರ್ಷಗಳು

ಯುದ್ಧಕಾಲದಲ್ಲಿ ಸಾರಾಭಾಯ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಭೌತವಿಜ್ಞಾನ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಪ್ರಾಧ್ಯಾಪಕರಾಗಿದ್ದರು. ಯುದ್ಧದ ಕಾರಣದಿಂದಲೇ ಇಂಗ್ಲೆಂಡಿಗೆ ಮರಳಲಾಗದ ಹೋಮಿ ಭಾಭಾ ಕೂಡ ಅದೇ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಮುಂದೆ ದೇಶದ ಪರಮಾಣು ಮತ್ತು ಬಾಹ್ಯಾಕಾಶ ಕಾರ್ಯಕ್ರಮಗಳನ್ನು ಕಟ್ಟಿದ ಇಬ್ಬರೂ ಹೀಗೆ ಒಂದೇ ಆವರಣದಲ್ಲಿ, ಬಹುಮಟ್ಟಿಗೆ ಆಕಸ್ಮಿಕವಾಗಿ, ಜೊತೆಯಾದರು.

ವಿಶ್ವಕಿರಣಗಳ ಅಧ್ಯಯನಕ್ಕೆ ಬೆಂಗಳೂರು ಯೋಗ್ಯವಾದ ಸ್ಥಳವಾಗಿದ್ದುದು ಆಕಸ್ಮಿಕವಲ್ಲ. ಹೊರಗಿನಿಂದ ಬರುವ ವಿಶ್ವಕಿರಣಗಳು ವಿದ್ಯುದಾವೇಶವುಳ್ಳ ಕಣಗಳಾದುದರಿಂದ ಭೂಮಿಯ ಕಾಂತಕ್ಷೇತ್ರ ಅವುಗಳ ದಾರಿಯನ್ನು ಬಾಗಿಸುತ್ತದೆ. ಧ್ರುವಗಳ ಬಳಿ ಕಡಿಮೆ ಶಕ್ತಿಯ ಕಣಗಳೂ ಒಳನುಗ್ಗಬಲ್ಲವು. ಕಾಂತೀಯ ಸಮಭಾಜಕದ ಸಮೀಪದಲ್ಲಿ ಬಲಬಲರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಅಡ್ಡಗಟ್ಟಿದಂತೆ ಇರುವುದರಿಂದ ಅತಿ ಹೆಚ್ಚಿನ ಶಕ್ತಿಯುಳ್ಳ ಕಣಗಳಿಗೆ ಮಾತ್ರ ಪ್ರವೇಶ. ಆದ್ದರಿಂದ ದಕ್ಷಿಣ ಭಾರತದಲ್ಲಿ ನಿಂತು ಎಣಿಸುವ ವಿಜ್ಞಾನಿಗೆ ನಿಸರ್ಗವೇ ಜರಡಿ ಹಿಡಿದು ಕೊಟ್ಟಂತಾಗುತ್ತದೆ. ಅಮೆರಿಕದ ರಾಬರ್ಟ್ ಮಿಲಿಕನ್ ಮತ್ತು ಸಂಗಡಿಗರು 1939–40ರ ಚಳಿಗಾಲದಲ್ಲಿ ಉಪಕರಣಗಳನ್ನು ಹೊತ್ತ ಬಲೂನುಗಳನ್ನು ಹಾರಿಸಲು ಬೆಂಗಳೂರಿಗೂ ಬಂದದ್ದು ಇದೇ ಕಾರಣಕ್ಕೆ.

ಸಾರಾಭಾಯ್ ಆಯ್ದುಕೊಂಡ ಪ್ರಶ್ನೆ ಮೇಲ್ನೋಟಕ್ಕೆ ಸರಳ: ವಿಶ್ವಕಿರಣಗಳ ತೀವ್ರತೆ ಕಾಲದೊಂದಿಗೆ ಬದಲಾಗುತ್ತದೆಯೇ? ಗೈಗರ್ ಗಣಕಗಳನ್ನು ಒಂದರ ಮೇಲೊಂದು ಜೋಡಿಸಿ, ಎಲ್ಲವನ್ನೂ ಏಕಕಾಲದಲ್ಲಿ ಹಾದುಹೋದ ಕಣಗಳನ್ನು ಮಾತ್ರ ಎಣಿಸುವ ವ್ಯವಸ್ಥೆಯನ್ನು ಅವರು ರೂಪಿಸಿಕೊಂಡರು. ವಿಶ್ವಕಿರಣಗಳ ಕಾಲಿಕ ಹಂಚಿಕೆಯನ್ನು ಕುರಿತ ಅವರ ಮೊದಲ ಪ್ರಬಂಧ 1942ರಲ್ಲಿ, ರಾಮನ್ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮರುವರ್ಷ ಹೆಚ್ಚಿನ ಎತ್ತರದಲ್ಲಿ ಅಳತೆ ಮಾಡಲು ಅವರು ಕಾಶ್ಮೀರದ ಅಫರ್ವಾಟ್ ಪರ್ವತಕ್ಕೆ ಉಪಕರಣಗಳನ್ನು ಒಯ್ದರು.

ಭರತನಾಟ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲಿಯೇ. 1942ರಲ್ಲಿ ಮದರಾಸಿನಲ್ಲಿ ಅವರ ವಿವಾಹ ನಡೆಯಿತು. ಭಾರತ ಬಿಟ್ಟು ತೊಲಗಿ ಚಳವಳಿಯ ದಿನಗಳಾದ್ದರಿಂದ ವರನ ಕಡೆಯವರು ಯಾರೂ ಮದುವೆಗೆ ಬರಲಾಗಲಿಲ್ಲ. ಈ ದಂಪತಿಗೆ ಕಾರ್ತಿಕೇಯ ಮತ್ತು ಮಲ್ಲಿಕಾ ಎಂಬ ಇಬ್ಬರು ಮಕ್ಕಳು.

ಯುದ್ಧ ಮುಗಿದ ಮೇಲೆ 1945ರಲ್ಲಿ ಕೇಂಬ್ರಿಜಿಗೆ ಮರಳಿದ ಸಾರಾಭಾಯ್, ಉಷ್ಣವಲಯದ ಅಕ್ಷಾಂಶಗಳಲ್ಲಿ ನಡೆಸಿದ ವಿಶ್ವಕಿರಣ ಸಂಶೋಧನೆಗಳನ್ನು ಕುರಿತ ಪ್ರಬಂಧಕ್ಕೆ 1947ರಲ್ಲಿ ಡಾಕ್ಟರೇಟ್ ಪಡೆದರು.

ಭೌತ ಸಂಶೋಧನಾ ಪ್ರಯೋಗಾಲಯ

ಸ್ವದೇಶಕ್ಕೆ ಹಿಂದಿರುಗಿದ ಕೆಲವೇ ತಿಂಗಳಲ್ಲಿ, 1947ರ ನವೆಂಬರ್ 11ರಂದು, ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ 28 ವರ್ಷ. ವಿಜ್ಞಾನ ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಕೆಲಸ ಆರಂಭವಾಯಿತು. ಸ್ವಂತ ಕಟ್ಟಡಕ್ಕೆ 1952ರಲ್ಲಿ ರಾಮನ್ ಶಂಕುಸ್ಥಾಪನೆ ಮಾಡಿದರು. 1954ರಲ್ಲಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು.

ಪ್ರಯೋಗಾಲಯದ ಮೊದಲ ನಿರ್ದೇಶಕರಾದವರು ಸಾರಾಭಾಯ್ ಅಲ್ಲ, ಭಾರತೀಯ ಹವಾಮಾನ ಇಲಾಖೆಯಿಂದ ನಿವೃತ್ತರಾಗಿದ್ದ ಕೆ. ಆರ್. ರಾಮನಾಥನ್. ಪಾಲಕ್ಕಾಡಿನ ಕಲ್ಪಾತ್ತಿಯವರಾದ ರಾಮನಾಥನ್, ಭೂಮಿಯ ಸುತ್ತಲಿನ ಕೆಳ ವಾಯುಮಂಡಲದಲ್ಲಿ ಅತ್ಯಂತ ತಂಪಾದ ಗಾಳಿ ಇರುವುದು ಧ್ರುವಗಳ ಮೇಲಲ್ಲ, ಸಮಭಾಜಕದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿ ಎಂಬುದನ್ನು 1929ರಲ್ಲಿಯೇ ತೋರಿಸಿಕೊಟ್ಟಿದ್ದರು. ತನಗಿಂತ 26 ವರ್ಷ ಹಿರಿಯರಾದ ಈ ವಿಜ್ಞಾನಿಯನ್ನು ಮುಂದಿಟ್ಟುಕೊಂಡು ಸಂಸ್ಥೆ ಕಟ್ಟಿದ್ದು ಸಾರಾಭಾಯ್ ಅವರ ವಿವೇಕಕ್ಕೆ ಸಾಕ್ಷಿ. ಓಜೋನ್ ಮತ್ತು ಅಯಾನುಗೋಳದ ಅಧ್ಯಯನವನ್ನು ರಾಮನಾಥನ್ ನೋಡಿಕೊಂಡರೆ, ವಿಶ್ವಕಿರಣಗಳ ವಿಭಾಗವನ್ನು ಸಾರಾಭಾಯ್ ನಡೆಸಿದರು.

ಈ ಎರಡು ವಿಷಯಗಳು ಬೇರೆಬೇರೆಯಾಗಿ ಕಂಡರೂ ಅವುಗಳ ನಡುವೆ ಹತ್ತಿರದ ನಂಟಿದೆ. ನೆಲಮಟ್ಟದಲ್ಲಿ ಎಣಿಕೆಗೆ ಸಿಗುವ ಬಹುಪಾಲು ಕಣಗಳು ಮೂಲ ವಿಶ್ವಕಿರಣಗಳಲ್ಲ. ಅವು ವಾಯುಮಂಡಲದ ಮೇಲ್ಭಾಗದಲ್ಲಿ ಹುಟ್ಟುವ, ಕ್ಷಣಾರ್ಧದಲ್ಲಿ ಅಳಿಯುವ ಮ್ಯೂಆನ್‌ಗಳು. ಮೇಲಿನ ಗಾಳಿ ಬಿಸಿಯಾಗಿ ಹಿಗ್ಗಿದರೆ ಅವು ಹುಟ್ಟುವ ಮಟ್ಟ ಮೇಲೇರುತ್ತದೆ, ಕ್ರಮಿಸಬೇಕಾದ ದಾರಿ ಉದ್ದವಾಗುತ್ತದೆ, ನೆಲ ಮುಟ್ಟುವವುಗಳ ಸಂಖ್ಯೆ ಇಳಿಯುತ್ತದೆ. ಹೀಗಾಗಿ ಎಣಿಕೆಯಲ್ಲಿ ಕಾಣುವ ಹಗಲು ರಾತ್ರಿಗಳ ಏರಿಳಿತದಲ್ಲಿ ಹವೆಯ ಪಾಲೆಷ್ಟು, ಸೂರ್ಯನ ಪ್ರಭಾವದ ಪಾಲೆಷ್ಟು ಎಂದು ಬಿಡಿಸುವುದೇ ಕಷ್ಟದ ಕೆಲಸ. ಏರಿಳಿತದ ಪ್ರಮಾಣವೂ ನೂರರಲ್ಲಿ ಒಂದಂಶಕ್ಕಿಂತ ಕಡಿಮೆ. ಸಾರಾಭಾಯ್ ಮತ್ತು ಅವರ ವಿದ್ಯಾರ್ಥಿಗಳು ಅಹಮದಾಬಾದ್, ಕೊಡೈಕೆನಾಲ್, ತಿರುವನಂತಪುರಗಳಲ್ಲಿ ಉಪಕರಣಗಳನ್ನಿಟ್ಟು ವರ್ಷಗಟ್ಟಲೆ ಎಣಿಸಿ, ಈ ಬದಲಾವಣೆಯ ಒಂದು ಭಾಗ ಭೂಮಿಯ ಹೊರಗಿನದೆಂದೂ ಸೂರ್ಯನ ಚಟುವಟಿಕೆಯೊಂದಿಗೆ ಅದು ಮಾರ್ಪಡುತ್ತದೆಂದೂ ವಾದಿಸಿದರು. ಸೂರ್ಯನಿಂದ ಸತತವಾಗಿ ಹೊಮ್ಮುವ ಕಣಗಳ ಪ್ರವಾಹವನ್ನು ವ್ಯೋಮನೌಕೆಗಳು ನೇರವಾಗಿ ಅಳೆಯುವುದಕ್ಕೂ ಮುನ್ನ ನಡೆದ ಕೆಲಸವಿದು.

ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಇಲ್ಲಿಯೇ ಸಾರಾಭಾಯ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ನಂತರ ಅವರು ಅಮೆರಿಕಕ್ಕೆ ತೆರಳಿ ಮ್ಯಾರಿನರ್-2 ನೌಕೆಯ ದತ್ತಾಂಶಗಳ ಮೇಲೆ ಕೆಲಸ ಮಾಡಿದರು.

ಸಮಭಾಜಕದ ಮೇಲಿನ ಆಕಾಶ

ಸಾರಾಭಾಯ್ ಮುಂದೆ ಕೈಗೊಂಡ ರಾಕೆಟ್ ಕಾರ್ಯಕ್ರಮದ ಮಹತ್ವ ತಿಳಿಯಬೇಕಾದರೆ ಕಾಂತೀಯ ಸಮಭಾಜಕದ ವಿಶೇಷವನ್ನು ಅರಿಯಬೇಕು. ಇದು ಭೂಪಟದಲ್ಲಿ ಎಳೆದ ಸಮಭಾಜಕ ವೃತ್ತವಲ್ಲ. ಮುಕ್ತವಾಗಿ ತೂಗುಬಿಟ್ಟ ಕಾಂತಸೂಜಿ ಯಾವ ಸ್ಥಳಗಳಲ್ಲಿ ಮೇಲಕ್ಕೂ ಕೆಳಕ್ಕೂ ಬಾಗದೆ ಮಟ್ಟಸವಾಗಿ ನಿಲ್ಲುತ್ತದೆಯೋ ಆ ಸ್ಥಳಗಳನ್ನು ಸೇರಿಸುವ ರೇಖೆ. ಭಾರತದಲ್ಲಿ ಅದು ದಕ್ಷಿಣದ ತುದಿಯನ್ನು ಹಾದುಹೋಗುತ್ತದೆ.

ಹಗಲಿನಲ್ಲಿ ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಉನ್ನತ ವಾಯುಮಂಡಲದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಸುಮಾರು 60 ಕಿ.ಮೀ.ಗಿಂತ ಮೇಲಿರುವ ಈ ವಿದ್ಯುದ್ವಾಹಕ ಭಾಗವೇ ಅಯಾನುಗೋಳ. ಅಲ್ಲಿನ ಗಾಳಿ ಕಾಂತಕ್ಷೇತ್ರದ ಮೂಲಕ ಬೀಸುವಾಗ, ಡೈನಮೊ ತಿರುಗಿದಂತೆ, ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಕಾಂತೀಯ ಸಮಭಾಜಕದ ಮೇಲೆ ಬಲರೇಖೆಗಳು ಅಡ್ಡಲಾಗಿರುವುದರಿಂದ ಮೇಲೆ-ಕೆಳಗೆ ಹರಿಯಬೇಕಾದ ಪ್ರವಾಹಕ್ಕೆ ದಾರಿ ಸಿಗದೆ ಆವೇಶಗಳು ಪದರದ ಅಂಚುಗಳಲ್ಲಿ ಕೂಡಿಕೊಳ್ಳುತ್ತವೆ. ಅದರಿಂದ ಹುಟ್ಟುವ ಲಂಬ ವಿದ್ಯುತ್ ಕ್ಷೇತ್ರ ಪೂರ್ವಾಭಿಮುಖ ಪ್ರವಾಹವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ನೂರು ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ, ಕೆಲವೇ ನೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಹರಿಯುವ ಈ ಪ್ರವಾಹದ ಹೆಸರು ಸಮಭಾಜಕ ಎಲೆಕ್ಟ್ರೋಜೆಟ್. ಪೆರು ದೇಶದ ಹುವಾಂಕಾಯೊ ವೀಕ್ಷಣಾಲಯದ ಕಾಂತಮಾಪಕಗಳು ಮಧ್ಯಾಹ್ನದ ವೇಳೆ ಅಸಾಧಾರಣವಾಗಿ ಏರುತ್ತಿದ್ದುದೇ ಇದರ ಮೊದಲ ಸುಳಿವು. 1951ರಲ್ಲಿ ಸಿಡ್ನಿ ಚಾಪ್‌ಮನ್ ಇದಕ್ಕೆ ಈ ಹೆಸರನ್ನು ಕೊಟ್ಟರು.

ಇದೇ ವಿದ್ಯುತ್ ಕ್ಷೇತ್ರ ಇನ್ನೂ ಮೇಲಿನ ಪ್ಲಾಸ್ಮಾವನ್ನು ಹಗಲಿನಲ್ಲಿ ಎತ್ತುತ್ತದೆ. ಕಾರಂಜಿಯ ನೀರಿನಂತೆ ಏರಿದ ಪ್ಲಾಸ್ಮಾ ಬಲರೇಖೆಗಳ ಗುಂಟ ಉತ್ತರ ಮತ್ತು ದಕ್ಷಿಣಕ್ಕೆ ಇಳಿಯುತ್ತದೆ. ಪರಿಣಾಮವಾಗಿ, ಸೂರ್ಯ ನೆತ್ತಿಯ ಮೇಲಿರುವ ಸಮಭಾಜಕದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಕಡಿಮೆಯಿದ್ದು, ಅದರ ಎರಡು ಬದಿಗಳಲ್ಲಿ ಶಿಖರಗಳು ಕಾಣುತ್ತವೆ. ಉತ್ತರದ ಶಿಖರ ಅಹಮದಾಬಾದಿನ ಆಸುಪಾಸಿನ ಅಕ್ಷಾಂಶದಲ್ಲಿ ಬೀಳುತ್ತದೆ. ತಗ್ಗು ತಿರುವನಂತಪುರದ ಮೇಲಿದೆ. ಸಾರಾಭಾಯ್ ಹುಟ್ಟೂರಿನಲ್ಲಿ ಕಟ್ಟಿದ ಪ್ರಯೋಗಾಲಯ ಮತ್ತು ಕೇರಳದಲ್ಲಿ ಆಯ್ದ ಉಡಾವಣಾ ಕೇಂದ್ರ ಒಂದೇ ವಿದ್ಯಮಾನದ ಎರಡು ತುದಿಗಳಲ್ಲಿದ್ದವು.

ಸೂರ್ಯಾಸ್ತದ ನಂತರ ಈ ಪದರ ಕದಡಿ, ಅದರೊಳಗೆ ವಿರಳ ಪ್ಲಾಸ್ಮಾದ ಗುಳ್ಳೆಗಳು ಏಳುತ್ತವೆ. ಹಾದುಬರುವ ರೇಡಿಯೊ ಅಲೆಗಳನ್ನು ಅವು ನಡುಗಿಸುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಗಳು ತುಂಬಾ ಇರುವ ಅಕ್ಷಾಂಶದಿಂದ ಸುಮಾರು ನಾಲ್ಕು ಡಿಗ್ರಿ ಉತ್ತರಕ್ಕೆ, ಎಂದರೆ ಎಲೆಕ್ಟ್ರೋಜೆಟ್ಟಿನ ಇಕ್ಕಟ್ಟಾದ ಪಟ್ಟಿಯಿಂದ ಸ್ವಲ್ಪ ಆಚೆಗಿವೆ. ಆದರೆ ರಾತ್ರಿಯ ಈ ಗುಳ್ಳೆಗಳ ವ್ಯಾಪ್ತಿಯೊಳಗೇ ಅವು ಬರುತ್ತವೆ. ಹಿಂದೆ ಅಂತಹ ಊರುಗಳಲ್ಲಿ ಶಾರ್ಟ್‌ವೇವ್ ರೇಡಿಯೊ ಕೇಳುತ್ತಿದ್ದವರಿಗೆ ಕೆಲವು ಸಂಜೆ ಧ್ವನಿ ಅಲುಗಾಡಿದಂತೆ ಕೇಳುತ್ತಿದ್ದರೆ ದೋಷ ಸದಾ ರೇಡಿಯೊ ಪೆಟ್ಟಿಗೆಯದೇ ಆಗಿರುತ್ತಿರಲಿಲ್ಲ. ಇಂದು ಉಪಗ್ರಹಗಳಿಂದ ಸ್ಥಾನ ತಿಳಿಯುವ ವ್ಯವಸ್ಥೆಗಳನ್ನೂ ಇದೇ ವಿದ್ಯಮಾನ ಕಾಡುತ್ತದೆ.

ತುಂಬಾ

ಬಲೂನುಗಳು ಸುಮಾರು 40 ಕಿ.ಮೀ.ವರೆಗೆ ಮಾತ್ರ ಏರಬಲ್ಲವು. ಕೃತಕ ಉಪಗ್ರಹಗಳು 200 ಕಿ.ಮೀ.ಗಿಂತ ಕೆಳಗೆ ಹೆಚ್ಚು ಕಾಲ ಸುತ್ತಲಾರವು. ಎಲೆಕ್ಟ್ರೋಜೆಟ್ ಇರುವುದು ಇವೆರಡರ ನಡುವೆ. ಅಲ್ಲಿಗೆ ಉಪಕರಣವನ್ನು ಒಯ್ಯಲು ರಾಕೆಟ್ಟೊಂದೇ ಸಾಧನ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಅನುಭವ ಮತ್ತು ಸ್ಪುಟ್ನಿಕ್ ಉಡಾವಣೆಯ ಹಿನ್ನೆಲೆಯಲ್ಲಿ ಸಾರಾಭಾಯ್ ಈ ವಾದವನ್ನು ಸರ್ಕಾರದ ಮುಂದಿಟ್ಟರು. ಪರಮಾಣು ಶಕ್ತಿ ಇಲಾಖೆಯ ಮುಖ್ಯಸ್ಥರಾಗಿದ್ದ ಭಾಭಾ ಬೆಂಬಲವಾಗಿ ನಿಂತರು. 1962ರಲ್ಲಿ ಸಾರಾಭಾಯ್ ಅಧ್ಯಕ್ಷತೆಯಲ್ಲಿ ಭಾರತೀಯ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿ ರಚನೆಯಾಯಿತು.

ಉಡಾವಣೆಗೆ ತಿರುವನಂತಪುರದ ಸಮೀಪದ ಮೀನುಗಾರರ ಹಳ್ಳಿ ತುಂಬಾ ಆಯ್ಕೆಯಾಯಿತು. ಕಾಂತೀಯ ಸಮಭಾಜಕ ಅದರ ತೀರ ಹತ್ತಿರ ಹಾದುಹೋಗುತ್ತಿತ್ತು; ಬಿದ್ದ ರಾಕೆಟ್ಟುಗಳಿಗೆ ಎದುರಿಗೆ ಸಮುದ್ರವಿತ್ತು. ಆದರೆ ಆ ನೆಲದ ಮೇಲೆ ಜನರಿದ್ದರು, ಅವರ ಮನೆಗಳಿದ್ದವು, ಸಂತ ಮೇರಿ ಮ್ಯಾಗ್ಡಲೀನರ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರೊಂದಿಗೆ ಮಾತುಕತೆ ನಡೆಯಿತು. ಭಾನುವಾರದ ಪ್ರಾರ್ಥನೆಗೆ ಸೇರಿದ ಜನರ ಮುಂದೆಯೇ ಬಿಷಪ್ ವಿಷಯವನ್ನಿಟ್ಟು ಒಪ್ಪಿಗೆ ಕೇಳಿದರೆಂದು ಎ. ಪಿ. ಜೆ. ಅಬ್ದುಲ್ ಕಲಾಂ ಮುಂದೆ ದಾಖಲಿಸಿದ್ದಾರೆ. ಊರಿನವರು ಒಪ್ಪಿ ಬೇರೆಡೆಗೆ ತೆರಳಿದರು. ವಿಜ್ಞಾನದ ಹೆಸರಿನಲ್ಲಿ ನೆಲ ಬಿಟ್ಟುಕೊಟ್ಟವರ ಪಾತ್ರಕ್ಕೆ ಈ ಚರಿತ್ರೆಯಲ್ಲಿ ಒಂದೆರಡು ಸಾಲಿಗಿಂತ ಹೆಚ್ಚಿನ ಜಾಗ ಸಾಮಾನ್ಯವಾಗಿ ಸಿಕ್ಕಿಲ್ಲ. ಚರ್ಚಿನ ಕಟ್ಟಡ ರಾಕೆಟ್ ಜೋಡಣೆಯ ಕಾರ್ಯಾಗಾರವಾಯಿತು, ಬಿಷಪರ ಮನೆ ಕಚೇರಿಯಾಯಿತು. ಬಿಡಿಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸುತ್ತಿದ್ದ ದೃಶ್ಯದ ಛಾಯಾಚಿತ್ರ ಜಗತ್ಪ್ರಸಿದ್ಧ. ಚರ್ಚ್ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ.

1963ರ ನವೆಂಬರ್ 21ರ ಸಂಜೆ ಅಮೆರಿಕದಲ್ಲಿ ತಯಾರಾದ ನೈಕಿ-ಅಪಾಚೆ ರಾಕೆಟ್ ತುಂಬಾದಿಂದ ಮೇಲೇರಿತು. ಎತ್ತಿ ನಿಲ್ಲಿಸುವ ಹೊತ್ತಿಗೆ ಕ್ರೇನಿನ ಹೈಡ್ರಾಲಿಕ್ ವ್ಯವಸ್ಥೆ ಸೋರತೊಡಗಿ ಕೊನೆಯ ಘಳಿಗೆಯ ಆತಂಕ ತಂದಿತ್ತು. ಅದರಲ್ಲಿದ್ದುದು ಫ್ರಾನ್ಸ್ ಒದಗಿಸಿದ ಸೋಡಿಯಂ ಆವಿಯ ಉಪಕರಣ. ಸಂಜೆಯ ಆಯ್ಕೆಗೆ ಕಾರಣವಿತ್ತು: ನೆಲದಲ್ಲಿ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲಿನಲ್ಲಿ ಸೋಡಿಯಂ ಆವಿ ಕಿತ್ತಳೆ ಹಳದಿಯಾಗಿ ಹೊಳೆಯುತ್ತದೆ. ಬೇರೆಬೇರೆ ಸ್ಥಳಗಳಿಂದ ಆ ಮೋಡದ ಚಿತ್ರ ತೆಗೆದು, ಅದು ಸರಿದ ರೀತಿಯಿಂದ ಮೇಲಿನ ಗಾಳಿಯ ವೇಗವನ್ನು ಲೆಕ್ಕ ಹಾಕಲಾಯಿತು. ಆಕಾಶದಲ್ಲಿ ಮೂಡಿದ ಬಣ್ಣದ ಗೆರೆಯನ್ನು ಕೇರಳ ಮತ್ತು ತಮಿಳುನಾಡಿನ ಜನ ಬೆರಗಿನಿಂದ ನೋಡಿದರು.

ಶೀತಲ ಸಮರದ ಆ ದಿನಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಫ್ರಾನ್ಸ್ ಮೂರೂ ತುಂಬಾಕ್ಕೆ ಉಪಕರಣ ಕೊಟ್ಟದ್ದು ವಿಶೇಷ. ಇಲ್ಲಿ ನಡೆಯುವ ಕೆಲಸ ಎಲ್ಲ ದೇಶಗಳ ವಿಜ್ಞಾನಿಗಳಿಗೂ ತೆರೆದಿರಬೇಕೆಂಬ ಷರತ್ತನ್ನು ಸಾರಾಭಾಯ್ ಮೊದಲಿನಿಂದಲೂ ಒಪ್ಪಿದ್ದರು. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾ ಗಾಂಧಿ ಕೇಂದ್ರವನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದರು. ಎಲೆಕ್ಟ್ರಾನ್ ಸಾಂದ್ರತೆ ಅಳೆಯುವ ಶೋಧಕಗಳು, ಕಾಂತಮಾಪಕಗಳು ಎಲೆಕ್ಟ್ರೋಜೆಟ್ಟಿನ ಒಳಗೇ ಹಾದು ಬಂದವು. ಭೌತ ಸಂಶೋಧನಾ ಪ್ರಯೋಗಾಲಯದ ಸತ್ಯಪ್ರಕಾಶ್ ಮತ್ತು ಸಂಗಡಿಗರು ಆ ಪದರದಲ್ಲಿನ ಪ್ಲಾಸ್ಮಾ ಏರುಪೇರುಗಳನ್ನು ಕುರಿತು ನಡೆಸಿದ ಅಧ್ಯಯನ ಅಂತರರಾಷ್ಟ್ರೀಯ ಗಮನ ಸೆಳೆಯಿತು. ಈ ಪ್ರಯೋಗಗಳನ್ನು ಸಾರಾಭಾಯ್ ಸ್ವತಃ ಮಾಡಲಿಲ್ಲ. ಅವರ ವಿಷಯ ಕೊನೆಯವರೆಗೂ ವಿಶ್ವಕಿರಣವೇ ಆಗಿತ್ತು. ಅಯಾನುಗೋಳ ವಿಜ್ಞಾನಿ ಎಂದು ಅವರನ್ನು ಕರೆಯುವುದಕ್ಕಿಂತ ಆ ವಿಜ್ಞಾನಕ್ಕೆ ನೆಲೆ ಒದಗಿಸಿದವರೆನ್ನುವುದು ಸರಿಯಾದೀತು.

1967ರ ನವೆಂಬರ್ 20ರಂದು ಭಾರತದಲ್ಲಿಯೇ ತಯಾರಾದ, 75 ಮಿಲಿಮೀಟರ್ ವ್ಯಾಸದ ಮೊದಲ ರೋಹಿಣಿ ರಾಕೆಟ್ ಹಾರಿತು.

ಹೊಣೆಗಳು ಮತ್ತು ಟೀಕೆಗಳು

1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ಮಡಿದರು. ಅದೇ ವರ್ಷ ಸಾರಾಭಾಯ್ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. ಬಾಹ್ಯಾಕಾಶ, ಪರಮಾಣು, ಕುಟುಂಬದ ಉದ್ಯಮ, ತಾವೇ ಸ್ಥಾಪಿಸಿದ ಹಲವು ಸಂಸ್ಥೆಗಳು ಎಲ್ಲವೂ ಒಬ್ಬರ ಹೆಗಲಿಗೇರಿದವು. ಅಹಮದಾಬಾದಿನ ಜವಳಿ ಸಂಶೋಧನಾ ಸಂಘ ಮತ್ತು 1961ರಲ್ಲಿ ಆರಂಭವಾದ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಸ್ಥಾಪನೆಯಲ್ಲೂ ಅವರು ಪ್ರಮುಖರು. 1969ರ ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೊ, ರೂಪುಗೊಂಡಿತು.

ಹೊಟ್ಟೆಗಿಲ್ಲದ ದೇಶಕ್ಕೆ ರಾಕೆಟ್ ಏಕೆ ಎಂಬ ಪ್ರಶ್ನೆ ಆ ಕಾಲದಲ್ಲಿ ಬಲವಾಗಿಯೇ ಇತ್ತು. 1960ರ ದಶಕದ ಮಧ್ಯದಲ್ಲಿ ಬರ ಬಂದು ಆಹಾರಧಾನ್ಯವನ್ನು ಹೊರಗಿನಿಂದ ತರಿಸುತ್ತಿದ್ದ ದೇಶದಲ್ಲಿ ಅದು ಅಸಹಜವೂ ಅಲ್ಲ. ಚಂದ್ರನತ್ತ ಓಡುವ ಸ್ಪರ್ಧೆ ಭಾರತದ್ದಲ್ಲ, ಹವಾಮಾನ, ಸಂಪರ್ಕ, ಶಿಕ್ಷಣಗಳಿಗೆ ಉಪಗ್ರಹವನ್ನು ಬಳಸುವುದೇ ಗುರಿ ಎಂಬುದು ಸಾರಾಭಾಯ್ ಅವರ ಉತ್ತರವಾಗಿತ್ತು. 1969ರಲ್ಲಿ ಅಮೆರಿಕದ ನಾಸಾ ಜೊತೆ ಮಾಡಿಕೊಂಡ ಒಪ್ಪಂದದ ಫಲವಾಗಿ, ಅವರ ಮರಣಾನಂತರ 1975–76ರಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ತಲುಪಿತು. ಕರ್ನಾಟಕದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು.

ನಿಧನ

1971ರ ಡಿಸೆಂಬರ್ ಕೊನೆಯಲ್ಲಿ ಸಾರಾಭಾಯ್ ತುಂಬಾದ ಕೆಲಸಗಳ ಪರಿಶೀಲನೆಗೆ ಬಂದಿದ್ದರು. ಡಿಸೆಂಬರ್ 30ರಂದು ಕೋವಳಂನಲ್ಲಿ ತಂಗಿದ್ದ ಕೋಣೆಯಲ್ಲಿ ನಿದ್ರೆಯಲ್ಲಿಯೇ ಮೃತಪಟ್ಟಿದ್ದುದು ಕಂಡುಬಂದಿತು. ಹೃದಯಾಘಾತ ಕಾರಣವೆಂದು ಹೇಳಲಾಯಿತು. ಅವರಿಗೆ 52 ವರ್ಷ ವಯಸ್ಸಾಗಿತ್ತು.

ಅಲ್ಪಕಾಲ ಎಂ. ಜಿ. ಕೆ. ಮೆನನ್ ಇಸ್ರೊ ಹೊಣೆಯನ್ನು ನೋಡಿಕೊಂಡರು. 1972ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅಧಿಕಾರ ವಹಿಸಿಕೊಂಡಾಗ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದಿತು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಯು. ಆರ್. ರಾವ್ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಅದರ ಮೂರು ಪ್ರಯೋಗಗಳಲ್ಲಿ ಒಂದು ಅಯಾನುಗೋಳಕ್ಕೆ ಸಂಬಂಧಿಸಿದ್ದು. ವಿದ್ಯುತ್ ಪೂರೈಕೆಯ ತೊಂದರೆಯಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು.

ಗೌರವಗಳು ಮತ್ತು ಸ್ಮರಣೆ

ಸಾರಾಭಾಯ್ ಅವರಿಗೆ 1962ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1966ರಲ್ಲಿ ಪದ್ಮಭೂಷಣ, ಮರಣೋತ್ತರವಾಗಿ 1972ರಲ್ಲಿ ಪದ್ಮವಿಭೂಷಣ ದೊರೆತವು. 1970ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾಗಿದ್ದರು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಗಳು ಒಂದುಗೂಡಿ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರವೆಂಬ ಹೆಸರು ಪಡೆದವು. ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದ ಚಂದ್ರಯಾನ-3ರ ನೌಕೆಯ ಹೆಸರೂ ವಿಕ್ರಮ್.

ತುಂಬಾದಲ್ಲಿ ಉಡಾವಣೆಗಳು ನಿಂತಿಲ್ಲ. 2010ರ ಜನವರಿ 15ರಂದು ಕಂಕಣ ಸೂರ್ಯಗ್ರಹಣದ ಪಥ ತಿರುವನಂತಪುರದ ಮೇಲೆ ಹಾದುಹೋದಾಗ, ನಡುಹಗಲಿನಲ್ಲಿ ಬಿಸಿಲು ಕುಗ್ಗಿದರೆ ಸಮಭಾಜಕದ ಮೇಲಿನ ವಾಯುಮಂಡಲ ಹೇಗೆ ಬದಲಾಗುತ್ತದೆಂದು ಅಳೆಯಲು ಅಲ್ಲಿಂದ ರೋಹಿಣಿ ರಾಕೆಟ್ಟುಗಳನ್ನು ಹಾರಿಸಲಾಯಿತು.